ಎಡಿಟ್ ಮಾಡಿದ ಫೋಟೋ ಸೇವ್ ಆಗುತ್ತಿಲ್ಲವೇ? ಬೇರೆ ಫೋನ್‌ನಲ್ಲಿ ತೆರೆಯುತ್ತಿಲ್ಲವೇ? ಬೀಟಾ ಆ್ಯಪ್ ಬಳಸುವವರು ತಿಳಿದಿರಬೇಕಾದ ಸಂಗತಿಗಳು

ಫೋಟೋ ಎಡಿಟ್ ಮಾಡುವ ದೊಡ್ಡ ದೊಡ್ಡ ಸಾಫ್ಟ್‌ವೇರ್‌ಗಳ ‘ಬೀಟಾ’ ಆವೃತ್ತಿಗಳು ಈಗ ನಮ್ಮ ಕೈಯಲ್ಲಿರುವ ಫೋನ್‌ಗೂ ಬಂದಿವೆ. 2025ರ ಜೂನ್‌ನಲ್ಲಿ ಅಡೋಬಿ ಕಂಪನಿ ಆಂಡ್ರಾಯ್ಡ್ ಫೋನ್‌ಗಳಿಗಾಗಿ ಫೋಟೋಶಾಪ್‌ನ ಬೀಟಾ ಬಿಡುಗಡೆ ಮಾಡಿತು. ಇಂಥ ಆ್ಯಪ್‌ಗಳನ್ನು ಹಾಕಿಕೊಂಡವರಿಗೆ ಎದುರಾಗುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಸೇವ್ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ, ಸೇವ್ ಆದ ಫೋಟೋ ಗ್ಯಾಲರಿಯಲ್ಲಿ ಕಾಣುವುದಿಲ್ಲ, ನಮ್ಮ ಫೋನ್‌ನಲ್ಲಿ ತೆರೆಯುವ ಫೈಲ್ ಇನ್ನೊಬ್ಬರ ಫೋನ್‌ನಲ್ಲಿ ತೆರೆಯುವುದಿಲ್ಲ.

ಇದಕ್ಕೆ ಪರಿಹಾರವೆಂದು ಮೂರು ಸಲಹೆಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಒಂದು, ಫೈಲ್ ಹೆಸರಿನ ಕೊನೆಯಲ್ಲಿ ‘.ಜೆಪಿಜಿ’ ಎಂದು ಬದಲಿಸಿ. ಎರಡು, ಫೋಟೋವನ್ನು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಿ. ಮೂರು, ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿಕೊಳ್ಳಿ. ಇವುಗಳಲ್ಲಿ ಮೊದಲನೆಯದು ಕೆಲಸಕ್ಕೆ ಬಾರದ್ದು. ಎರಡನೆಯದು ಅರ್ಧ ಸತ್ಯ. ಮೂರನೆಯದು ನೀವು ಗಂಟೆಗಟ್ಟಲೆ ಕೂತು ಮಾಡಿದ ಕೆಲಸವನ್ನು ಮತ್ತೆ ಸಿಗದಂತೆ ಅಳಿಸಿಹಾಕಬಲ್ಲದು. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಸಂಕ್ಷಿಪ್ತ ಉತ್ತರ

• ಬೀಟಾ ಎಂದರೆ ಪರೀಕ್ಷೆಯ ಹಂತದಲ್ಲಿರುವ ಆವೃತ್ತಿ. ಅದರಲ್ಲಿ ಉಳಿಸಿದ ಫೈಲ್ ಅದೇ ಆ್ಯಪ್‌ನ ಹಳೆಯ ಆವೃತ್ತಿಯಲ್ಲೂ ತೆರೆಯದಿರಬಹುದು.
• ‘ಸೇವ್’ ಬೇರೆ, ‘ಎಕ್ಸ್‌ಪೋರ್ಟ್’ ಬೇರೆ. ಇನ್ನೊಬ್ಬರಿಗೆ ಕಳುಹಿಸಲು ಬೇಕಾದದ್ದು ಎಕ್ಸ್‌ಪೋರ್ಟ್ ಮಾಡಿದ ಜೆಪೆಗ್ ಪ್ರತಿ.
• ಹೆಸರು ಬದಲಿಸಿದರೆ ಫೈಲ್‌ನ ಒಳಗಿನ ರೂಪ ಬದಲಾಗುವುದಿಲ್ಲ.
• ಆ್ಯಪ್ ತೆಗೆದುಹಾಕುವ ಮುನ್ನ ಒಳಗಿರುವ ಎಲ್ಲ ಕೆಲಸವನ್ನೂ ಹೊರಗೆ ತೆಗೆದಿಟ್ಟುಕೊಳ್ಳಿ.
• ಮೂಲ ಫೋಟೋವನ್ನು ಬೀಟಾ ಆ್ಯಪ್‌ಗೆ ಕೊಡಬೇಡಿ, ಅದರ ನಕಲನ್ನು ಕೊಡಿ.

ಬೀಟಾ ಎಂದರೆ ಏನು?

ಆಲ್ಫಾ, ಬೀಟಾ ಎಂಬುವು ಗ್ರೀಕ್ ಅಕ್ಷರಮಾಲೆಯ ಮೊದಲ ಎರಡು ಅಕ್ಷರಗಳು. ಸಾಫ್ಟ್‌ವೇರ್ ಕಂಪನಿಯೊಳಗಿನವರು ಪರೀಕ್ಷಿಸುವ ಹಂತವನ್ನು ಸಾಮಾನ್ಯವಾಗಿ ಆಲ್ಫಾ ಎನ್ನುತ್ತಾರೆ. ಹೊರಗಿನ ಬಳಕೆದಾರರ ಕೈಗೆ ಕೊಟ್ಟು ತಪ್ಪು ಹುಡುಕಿಸುವ ಹಂತ ಬೀಟಾ. ಅಂದರೆ ಬೀಟಾ ಹಾಕಿಕೊಂಡ ನಾವು ಬರೀ ಗ್ರಾಹಕರಲ್ಲ, ಪರೀಕ್ಷಕರೂ ಹೌದು. ಹೊಸ ಸೌಲಭ್ಯ ಎಲ್ಲರಿಗಿಂತ ಮೊದಲು ಸಿಗುತ್ತದೆ, ಅದರ ದೋಷವೂ ಎಲ್ಲರಿಗಿಂತ ಮೊದಲು ತಗಲುತ್ತದೆ.

ಉದಾಹರಣೆಗೆ, ಬರೆದು ಹೇಳಿದರೆ ಚಿತ್ರದ ಒಂದು ಭಾಗವನ್ನು ಕೃತಕ ಬುದ್ಧಿಮತ್ತೆ ತಾನೇ ತುಂಬಿಕೊಡುವ ‘ಜನರೇಟಿವ್ ಫಿಲ್’ ಸೌಲಭ್ಯ 2023ರ ಮೇ ತಿಂಗಳಲ್ಲಿ ಫೋಟೋಶಾಪ್‌ನ ಬೀಟಾಗೆ ಬಂತು. ಸಾಮಾನ್ಯ ಆವೃತ್ತಿಗೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಕಂಪ್ಯೂಟರ್‌ನಲ್ಲಿ ಈ ಬೀಟಾ ಸಾಮಾನ್ಯ ಫೋಟೋಶಾಪ್ ಜತೆಗೇ ಬೇರೆ ಆ್ಯಪ್ ಆಗಿ ಕೂರುತ್ತದೆ. ಹಾಗಾಗಿ ಒಂದರಲ್ಲಿ ತೊಂದರೆಯಾದರೆ ಇನ್ನೊಂದು ಇರುತ್ತದೆ. ಆಂಡ್ರಾಯ್ಡ್‌ನ ಪ್ಲೇ ಸ್ಟೋರ್‌ನಲ್ಲಿ ಬೀಟಾ ಕಾರ್ಯಕ್ರಮಕ್ಕೆ ಸೇರಿದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಇರುವ ಆ್ಯಪ್‌ನ ಜಾಗದಲ್ಲೇ ಬೀಟಾ ಬಂದು ಕೂರುತ್ತದೆ. ಈ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ.

ಸೇವ್ ಮತ್ತು ಎಕ್ಸ್‌ಪೋರ್ಟ್: ಹಿಟ್ಟು ಮತ್ತು ದೋಸೆ

ಎಡಿಟಿಂಗ್ ಆ್ಯಪ್‌ನಲ್ಲಿ ಕೆಲಸ ಮಾಡುವಾಗ ನಿಮ್ಮ ಫೋಟೋ ಪದರ ಪದರವಾಗಿ ಇರುತ್ತದೆ. ಕೆಳಗೆ ಮೂಲ ಚಿತ್ರ, ಅದರ ಮೇಲೆ ಬಣ್ಣದ ತಿದ್ದುಪಡಿ, ಅದರ ಮೇಲೆ ಅಕ್ಷರ. ಇದನ್ನೆಲ್ಲ ಇದ್ದ ಹಾಗೆಯೇ ಉಳಿಸಿದರೆ ನಾಳೆ ಮತ್ತೆ ತೆರೆದು ಅಕ್ಷರ ಮಾತ್ರ ಬದಲಿಸಬಹುದು. ಹೀಗೆ ಉಳಿಸುವ ಫೈಲ್ ಆಯಾ ಸಾಫ್ಟ್‌ವೇರ್‌ನ ಸ್ವಂತ ರೂಪದಲ್ಲಿ ಇರುತ್ತದೆ. ಫೋಟೋಶಾಪ್‌ಗೆ ಪಿಎಸ್‌ಡಿ, ಉಚಿತ ಸಾಫ್ಟ್‌ವೇರ್ ಜಿಂಪ್‌ಗೆ ಎಕ್ಸ್‌ಸಿಎಫ್.

ಎಕ್ಸ್‌ಪೋರ್ಟ್ ಮಾಡಿದಾಗ ಎಲ್ಲ ಪದರಗಳೂ ಒಂದಾಗಿ ಒಂದೇ ಚಿತ್ರವಾಗುತ್ತದೆ. ಜೆಪೆಗ್, ಪಿಎನ್‌ಜಿ ಇಂಥವು. ಸ್ವಂತ ರೂಪದ ಫೈಲ್ ಹಿಟ್ಟಿನ ಹಾಗೆ, ಎಕ್ಸ್‌ಪೋರ್ಟ್ ದೋಸೆಯ ಹಾಗೆ. ಹಿಟ್ಟಿನಿಂದ ಎಷ್ಟು ದೋಸೆ ಬೇಕಾದರೂ ಹುಯ್ಯಬಹುದು, ದೋಸೆಯನ್ನು ಮತ್ತೆ ಹಿಟ್ಟು ಮಾಡಲಾಗದು. ನೆಂಟರಿಗೆ ಬಡಿಸುವುದು ದೋಸೆಯನ್ನು, ನಾಳೆಗೆ ಎತ್ತಿಡುವುದು ಹಿಟ್ಟನ್ನು.

‘ಸೇವ್ ಮಾಡಿದೆ, ಆದರೂ ಅವರಿಗೆ ತೆರೆಯುತ್ತಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ. ಕಳುಹಿಸಿದ್ದು ಹಿಟ್ಟು. ಜಿಂಪ್ 2012ರಲ್ಲಿ ಬಂದ 2.8 ಆವೃತ್ತಿಯಿಂದ ಈ ಎರಡನ್ನೂ ಖಡಾಖಂಡಿತವಾಗಿ ಬೇರ್ಪಡಿಸಿತು: ಸೇವ್ ಒತ್ತಿದರೆ ಎಕ್ಸ್‌ಸಿಎಫ್ ಮಾತ್ರ, ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್. ಫೋಟೋಶಾಪ್‌ನಲ್ಲೂ 2021ರಲ್ಲಿ ಇಂಥದೇ ಬದಲಾವಣೆ ಬಂತು. ಪದರಗಳಿರುವ ಚಿತ್ರಕ್ಕೆ ‘ಸೇವ್ ಆ್ಯಸ್’ ಪಟ್ಟಿಯಿಂದ ಜೆಪೆಗ್ ಮಾಯವಾಗಿ ‘ಸೇವ್ ಎ ಕಾಪಿ’ಗೆ ಹೋಯಿತು. ಬಳಕೆದಾರರು ಗೊಣಗಿದ ಮೇಲೆ ಹಳೆಯ ವಿಧಾನವನ್ನೂ ಆಯ್ಕೆಯಾಗಿ ಮರಳಿ ಕೊಡಲಾಯಿತು. ಆದ್ದರಿಂದ ನಿಮ್ಮ ಆ್ಯಪ್‌ನ ಸೇವ್ ಪಟ್ಟಿಯಲ್ಲಿ ಜೆಪೆಗ್ ಕಾಣದಿದ್ದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ‘ಎಕ್ಸ್‌ಪೋರ್ಟ್’, ‘ಶೇರ್’ ಅಥವಾ ‘ಸೇವ್ ಎ ಕಾಪಿ’ ಎಂಬಲ್ಲಿ ಹುಡುಕಿ.

ಬೀಟಾದಲ್ಲಿ ಉಳಿಸಿದ್ದು ಹಳೆಯದರಲ್ಲಿ ಏಕೆ ತೆರೆಯುವುದಿಲ್ಲ?

ಹೊಸ ಆವೃತ್ತಿಗೆ ಹಳೆಯ ಫೈಲ್ ಓದುವುದು ಸುಲಭ, ಹಳೆಯದು ಹೇಗಿತ್ತೆಂದು ಅದನ್ನು ಬರೆದವರಿಗೆ ಗೊತ್ತಿರುತ್ತದೆ. ಹಳೆಯ ಆವೃತ್ತಿಗೆ ಹೊಸ ಫೈಲ್ ಓದುವುದು ಕಷ್ಟ, ಏಕೆಂದರೆ ಅದು ಹುಟ್ಟಿದಾಗ ಆ ಹೊಸ ಸೌಲಭ್ಯ ಇರಲೇ ಇಲ್ಲ. ಬೀಟಾದಲ್ಲಿ ಇರುವುದು ಇಂಥ ಹೊಚ್ಚ ಹೊಸ ಸೌಲಭ್ಯಗಳೇ.

ಜಿಂಪ್‌ನಲ್ಲಿ ಹೊಸ ಸೌಲಭ್ಯ ಬಳಸಿದ ಚಿತ್ರವನ್ನು ಉಳಿಸಲು ಹೋದರೆ, ಈ ಫೈಲ್ ಇಂತಿಂಥ ಆವೃತ್ತಿಗಿಂತ ಹಳೆಯದರಲ್ಲಿ ತೆರೆಯುವುದಿಲ್ಲ ಎಂದು ಅದೇ ತಿಳಿಸುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗೆ ಹೊಸ ಫೈಲ್ ಕೊಟ್ಟರೆ ‘ಇದರಲ್ಲಿ ಪರಿಚಯವಿಲ್ಲದ ಮಾಹಿತಿ ಇದೆ, ಪದರಗಳನ್ನು ಉಳಿಸಿಕೊಳ್ಳಲು ಅದನ್ನು ಬಿಟ್ಟುಬಿಡಲಾಗುತ್ತದೆ’ ಎಂಬರ್ಥದ ಎಚ್ಚರಿಕೆ ಬರುತ್ತದೆ. ಅವಸರದಲ್ಲಿ ಇದಕ್ಕೆ ಒಪ್ಪಿ, ಅದೇ ಹೆಸರಿನಲ್ಲಿ ಮತ್ತೆ ಸೇವ್ ಮಾಡಿದರೆ ಬಿಟ್ಟುಹೋದ ಭಾಗ ಹೋದಂತೆಯೇ. ಇಂಥ ಎಚ್ಚರಿಕೆ ಬಂದಾಗ ಮಾಡಬೇಕಾದದ್ದು ಒಂದೇ: ಬೇರೆ ಹೆಸರಿನಲ್ಲಿ ಉಳಿಸಿ, ಹೊಸ ಆವೃತ್ತಿಯಲ್ಲಿ ಮಾಡಿದ ಫೈಲ್ ಮುಟ್ಟಬೇಡಿ.

ಪಿಎಸ್‌ಡಿ ಫೈಲ್ ಕಳುಹಿಸಲೇಬೇಕಾದ ಸಂದರ್ಭವೂ ಇರುತ್ತದೆ. ಆಹ್ವಾನ ಪತ್ರಿಕೆಯನ್ನು ಮುದ್ರಣದ ಅಂಗಡಿಗೆ ಕೊಡುವಾಗ ಅವರು ಅಕ್ಷರ ತಿದ್ದಲು ಅದನ್ನೇ ಕೇಳಬಹುದು. ಆಗ ಕಂಪ್ಯೂಟರ್‌ನ ಫೋಟೋಶಾಪ್‌ನಲ್ಲಿ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಎಂಬ ಆಯ್ಕೆಗೆ ಗುರುತು ಹಾಕಿ. ಪದರಗಳ ಜತೆಗೆ ಎಲ್ಲವೂ ಸೇರಿದ ಒಂದು ಪೂರ್ಣ ಚಿತ್ರವೂ ಫೈಲ್ ಒಳಗೆ ಕೂರುತ್ತದೆ. ಫೈಲ್ ಸ್ವಲ್ಪ ದಪ್ಪವಾಗುತ್ತದೆ, ಆದರೆ ಪದರ ಅರ್ಥವಾಗದ ಸಾಫ್ಟ್‌ವೇರ್‌ಗೂ ತೋರಿಸಲು ಒಂದು ಚಿತ್ರ ಸಿಗುತ್ತದೆ. ಜತೆಗೆ ಒಂದು ಜೆಪೆಗ್ ಕೂಡ ಕಳುಹಿಸಿ. ಹೇಗೆ ಕಾಣಬೇಕಿತ್ತು ಎಂಬುದಕ್ಕೆ ಅದು ಸಾಕ್ಷಿ.

ಹೆಸರು ಬದಲಿಸಿದರೆ ಫೋಟೋ ಬದಲಾಗುತ್ತದೆಯೇ?

ಇಲ್ಲ. ಅಕ್ಕಿ ಡಬ್ಬಿಗೆ ಸಕ್ಕರೆ ಎಂದು ಚೀಟಿ ಅಂಟಿಸಿದರೆ ಒಳಗಿರುವುದು ಅಕ್ಕಿಯೇ. ಫೈಲ್ ಹೆಸರಿನ ಕೊನೆಯಲ್ಲಿರುವ ‘.ಜೆಪಿಜಿ’ ಬರೀ ಚೀಟಿ. ಫೈಲ್ ಯಾವ ಬಗೆಯದು ಎಂಬ ಗುರುತು ಅದರ ಒಳಗೆ, ಮೊದಲ ಕೆಲವು ಬೈಟ್‌ಗಳಲ್ಲಿ ಇರುತ್ತದೆ. ಜೆಪೆಗ್‌ಗೆ ಒಂದು ಗುರುತು, ಪಿಎನ್‌ಜಿಗೆ ಇನ್ನೊಂದು, ವೆಬ್‌ಪಿಗೆ ಮತ್ತೊಂದು.

ಹಾಗಿದ್ದರೂ ಹೆಸರು ಬದಲಿಸಿದ ಮೇಲೆ ಕೆಲವೊಮ್ಮೆ ತೆರೆಯುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಎಷ್ಟೋ ಆ್ಯಪ್‌ಗಳು ಚೀಟಿಯನ್ನು ಲೆಕ್ಕಿಸದೆ ಒಳಗಿನ ಗುರುತನ್ನೇ ನೋಡುತ್ತವೆ. ಆ ರೂಪ ಅವಕ್ಕೆ ಗೊತ್ತಿದ್ದರೆ ಹೆಸರು ಏನೇ ಇರಲಿ ತೆರೆಯುತ್ತವೆ. ಆ ರೂಪವೇ ಗೊತ್ತಿಲ್ಲದ ಕಡೆ ಹೋದಾಗ ಗುಟ್ಟು ರಟ್ಟಾಗುತ್ತದೆ. ಆ ‘ಕಡೆ’ ಸಾಮಾನ್ಯವಾಗಿ ಯಾವುದೋ ಅರ್ಜಿಯ ವೆಬ್‌ಸೈಟ್ ಆಗಿರುತ್ತದೆ, ಅದೂ ಕೊನೆಯ ದಿನ.

ರೂಪದ ಈ ಹೊಂದಾಣಿಕೆ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. ಐಫೋನ್‌ಗಳು 2017ರ ಐಒಎಸ್ 11ರಿಂದ ಫೋಟೋಗಳನ್ನು ಎಚ್‌ಇಐಸಿ ಎಂಬ ರೂಪದಲ್ಲಿ ಉಳಿಸತೊಡಗಿದವು. ಇದು ಜೆಪೆಗ್‌ಗಿಂತ ಕಡಿಮೆ ಜಾಗದಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತದೆ. 2020ರ ಮೇ ತಿಂಗಳಲ್ಲಿ ಕೋವಿಡ್ ಕಾರಣ ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳು ಕಾಲೇಜ್ ಬೋರ್ಡ್ ನಡೆಸುವ ‘ಎಪಿ’ ಪರೀಕ್ಷೆಯನ್ನು ಮನೆಯಿಂದಲೇ ಬರೆದರು. ಕೈಯಲ್ಲಿ ಬರೆದ ಉತ್ತರದ ಫೋಟೋ ತೆಗೆದು ವೆಬ್‌ಸೈಟ್‌ಗೆ ಏರಿಸಬಹುದಿತ್ತು. ಅದು ಒಪ್ಪುತ್ತಿದ್ದದ್ದು ಜೆಪೆಗ್ ಮತ್ತು ಪಿಎನ್‌ಜಿ ಚಿತ್ರಗಳನ್ನು. ಐಫೋನ್‌ನ ಎಚ್‌ಇಐಸಿ ಫೋಟೋ ಏರಿಸಲು ಹೋದ ಹಲವರ ಉತ್ತರ ಸಮಯ ಮುಗಿಯುವಷ್ಟರಲ್ಲಿ ಸೇರಲೇ ಇಲ್ಲ. ಉತ್ತರ ಸಲ್ಲಿಸಲಾಗದವರು ಜೂನ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಓದಿದ್ದರು, ಬರೆದಿದ್ದರು, ಫೋಟೋ ಸ್ಪಷ್ಟವಾಗಿಯೂ ಇತ್ತು. ರೂಪ ಮಾತ್ರ ಹೊಂದಲಿಲ್ಲ.

ನಮ್ಮಲ್ಲಿಯೂ ಪ್ರವೇಶ ಪರೀಕ್ಷೆ ಮತ್ತು ನೇಮಕಾತಿಯ ಆನ್‌ಲೈನ್ ಅರ್ಜಿಗಳು ಸಾಮಾನ್ಯವಾಗಿ ಜೆಪೆಗ್ ಫೋಟೋವನ್ನೇ ಕೇಳುತ್ತವೆ, ಇಷ್ಟು ಕೆಬಿ ಒಳಗಿರಬೇಕೆಂಬ ಮಿತಿಯೊಂದಿಗೆ. ಐಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್ ಒತ್ತಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಂಡರೆ ಮುಂದೆ ತೆಗೆಯುವ ಫೋಟೋಗಳು ಜೆಪೆಗ್ ಆಗಿರುತ್ತವೆ. ಈಗಾಗಲೇ ತೆಗೆದವುಗಳನ್ನು ಎಡಿಟಿಂಗ್ ಆ್ಯಪ್‌ನಲ್ಲಿ ತೆರೆದು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಬೇಕು. ಆಂಡ್ರಾಯ್ಡ್ 2018ರ 9ನೇ ಆವೃತ್ತಿಯಿಂದ ಎಚ್‌ಇಐಸಿ ಫೋಟೋಗಳನ್ನು ಓದಬಲ್ಲದು. ಅದಕ್ಕಿಂತ ಹಳೆಯ ಫೋನ್ ಇರುವವರಿಗೆ ಕಳುಹಿಸುವಾಗಲೂ ಜೆಪೆಗ್ ಒಳ್ಳೆಯದು.

ವಾಟ್ಸಾಪ್ ದಾರಿ: ಅರ್ಧ ಸತ್ಯ

ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳುಹಿಸಿದಾಗ ಅದು ಜೆಪೆಗ್ ಆಗುತ್ತದೆ, ಇದು ನಿಜ. ಆದರೆ ಜತೆಗೇ ಚಿತ್ರದ ಅಳತೆ ಮತ್ತು ಗುಣಮಟ್ಟ ಇಳಿಯುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಅಳಿಸಿಹೋಗುತ್ತದೆ. ಫೋನ್ ಪರದೆಯಲ್ಲಿ ನೋಡಲು ಸಾಕು. ಚೌಕಟ್ಟು ಹಾಕಿಸಲು, ಮುದ್ರಿಸಲು ಸಾಲದು. ಇದ್ದದ್ದು ಇದ್ದ ಹಾಗೆಯೇ ಹೋಗಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ. ಆಗ ರೂಪ ಬದಲಾಗುವುದಿಲ್ಲ. ಹಾಗಾಗಿ ಎಚ್‌ಇಐಸಿ ಆಗಿದ್ದರೆ ಎಚ್‌ಇಐಸಿಯೇ ಹೋಗುತ್ತದೆ ಎಂಬುದೂ ನೆನಪಿರಲಿ.

ಆ್ಯಪ್ ತೆಗೆದು ಮತ್ತೆ ಹಾಕುವ ಮುನ್ನ ನಿಲ್ಲಿ

ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ತನ್ನದೇ ಒಂದು ಖಾಸಗಿ ಕೋಣೆ ಇರುತ್ತದೆ. 2019ರ ಆಂಡ್ರಾಯ್ಡ್ 10ರಿಂದ ಈ ಕೋಣೆಗಳ ಗೋಡೆ ಇನ್ನಷ್ಟು ಗಟ್ಟಿಯಾಗಿದೆ. ಒಂದು ಆ್ಯಪ್‌ನ ಕೋಣೆಯೊಳಗೆ ಇನ್ನೊಂದು ಆ್ಯಪ್ ಇಣುಕುವಂತಿಲ್ಲ. ನೀವು ಎಕ್ಸ್‌ಪೋರ್ಟ್ ಮಾಡಿದ ಫೋಟೋ ಎಲ್ಲರೂ ಬಳಸುವ ಪಡಸಾಲೆಗೆ, ಅಂದರೆ ‘ಪಿಕ್ಚರ್ಸ್’ ಅಥವಾ ‘ಡಿಸಿಐಎಂ’ ಫೋಲ್ಡರ್‌ಗೆ ಬರುತ್ತದೆ. ಅರ್ಧ ಮಾಡಿಟ್ಟ ಕೆಲಸ, ಡ್ರಾಫ್ಟ್, ಪ್ರಾಜೆಕ್ಟ್‌ಗಳು ಹಲವು ಆ್ಯಪ್‌ಗಳಲ್ಲಿ ಆ ಖಾಸಗಿ ಕೋಣೆಯಲ್ಲೇ ಇರುತ್ತವೆ. ಆ್ಯಪ್ ತೆಗೆದುಹಾಕಿದರೆ ಕೋಣೆಯನ್ನೂ ಕೆಡವಿದಂತೆ. ಆಂಡ್ರಾಯ್ಡ್ ಇದನ್ನು ತಾನಾಗಿಯೇ ಮಾಡುತ್ತದೆ, ಇದು ದೋಷವಲ್ಲ.

ಬೀಟಾ ಬಳಕೆದಾರರಿಗೆ ಇದು ಹೆಚ್ಚು ಅಪಾಯ. ಬೀಟಾ ಬೇಡವೆನಿಸಿ ಸಾಮಾನ್ಯ ಆವೃತ್ತಿಗೆ ಮರಳಬೇಕಾದರೆ, ಪ್ಲೇ ಸ್ಟೋರ್‌ನಲ್ಲಿ ಬೀಟಾ ಕಾರ್ಯಕ್ರಮ ಬಿಟ್ಟು, ಆ್ಯಪ್ ತೆಗೆದುಹಾಕಿ, ಮತ್ತೆ ಹಾಕಿಕೊಳ್ಳಬೇಕು. ಹೊಸ ಆವೃತ್ತಿಯ ಮೇಲೆ ನೇರವಾಗಿ ಹಳೆಯದನ್ನು ಹಾಕಲು ಆಂಡ್ರಾಯ್ಡ್ ಬಿಡುವುದಿಲ್ಲ. ಆದ್ದರಿಂದ ಮೊದಲು ಪ್ರತಿಯೊಂದು ಪ್ರಾಜೆಕ್ಟ್ ತೆರೆದು ಜೆಪೆಗ್ ಅಥವಾ ಪಿಎನ್‌ಜಿ ಪ್ರತಿ ಹೊರತೆಗೆಯಿರಿ, ಪದರಗಳ ಸಮೇತ ಉಳಿಸುವ ದಾರಿ ಇದ್ದರೆ ಅದನ್ನೂ ಮಾಡಿ. ಕೆಲಸ ಕ್ಲೌಡ್‌ನಲ್ಲಿ ಉಳಿಯುತ್ತದೆ ಎಂದು ಆ್ಯಪ್ ಹೇಳಿದರೆ, ಅದೇ ಖಾತೆಯಿಂದ ಬೇರೆ ಸಾಧನದಲ್ಲಿ ತೆರೆದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

‘ಕ್ಲಿಯರ್ ಕ್ಯಾಶ್’ ಮತ್ತು ‘ಕ್ಲಿಯರ್ ಡೇಟಾ’ ಒಂದೇ ಅಲ್ಲ ಎಂಬುದೂ ಗೊತ್ತಿರಲಿ. ಮೊದಲನೆಯದು ತಾತ್ಕಾಲಿಕ ಫೈಲ್‌ಗಳನ್ನು ಗುಡಿಸುತ್ತದೆ. ಎರಡನೆಯದು (ಕೆಲವು ಫೋನ್‌ಗಳಲ್ಲಿ ‘ಕ್ಲಿಯರ್ ಸ್ಟೋರೇಜ್’) ಇಡೀ ಕೋಣೆಯನ್ನೇ ಖಾಲಿ ಮಾಡುತ್ತದೆ.

ಬೀಟಾ ಅಲ್ಲದ ಆ್ಯಪ್‌ಗೂ ಇಂಥ ಗಂಡಾಂತರ ಬಂದದ್ದಿದೆ. 2020ರ ಆಗಸ್ಟ್‌ನಲ್ಲಿ ಐಫೋನ್‌ನ ಲೈಟ್‌ರೂಮ್ ಆ್ಯಪ್‌ನ 5.4 ಅಪ್‌ಡೇಟ್ ಹಾಕಿಕೊಂಡ ಕೆಲವರ ಫೋಟೋಗಳು, ಕ್ಲೌಡ್‌ಗೆ ಇನ್ನೂ ಏರದೆ ಫೋನ್‌ನಲ್ಲೇ ಇದ್ದವು, ಅಳಿಸಿಹೋದವು. ಅಡೋಬಿ ಇದನ್ನು ಒಪ್ಪಿಕೊಂಡು 5.4.1 ಬಿಡುಗಡೆ ಮಾಡಿತು. ಅದು ಮುಂದಿನ ನಷ್ಟ ತಪ್ಪಿಸಿತೇ ಹೊರತು ಹೋದದ್ದನ್ನು ತರಲಿಲ್ಲ. ಎಲ್ಲ ಪರೀಕ್ಷೆ ಮುಗಿಸಿ ಬಂದ ಆವೃತ್ತಿಯಲ್ಲೇ ಹೀಗಾದರೆ, ಪರೀಕ್ಷೆ ನಡೆಯುತ್ತಿರುವ ಆವೃತ್ತಿಗೆ ಮನೆಯ ಏಕೈಕ ಪ್ರತಿಯನ್ನು ನಂಬಿ ಕೊಡುವುದು ಸರಿಯಲ್ಲ.

ಯಾವ ತೊಂದರೆಗೆ ಏನು ಮಾಡಬೇಕು?

1. ಸೇವ್ ಒತ್ತಿದರೆ ಚಕ್ರ ತಿರುಗುತ್ತದೆ, ಇಲ್ಲವೇ ಆ್ಯಪ್ ಮುಚ್ಚಿಕೊಳ್ಳುತ್ತದೆ

ಮೊದಲ ಅನುಮಾನ ಜಾಗದ ಮೇಲೆ ಇರಲಿ. ಉಳಿಸುವಾಗ ಎಷ್ಟೋ ಆ್ಯಪ್‌ಗಳು ಮೊದಲು ಒಂದು ತಾತ್ಕಾಲಿಕ ಫೈಲ್ ಬರೆದು, ಅದು ಪೂರ್ಣವಾದ ಮೇಲೆ ಹಳೆಯದರ ಜಾಗಕ್ಕೆ ತರುತ್ತವೆ. ಹಾಗಾಗಿ ಫೈಲ್‌ನ ಗಾತ್ರಕ್ಕಿಂತ ಹೆಚ್ಚು ಜಾಗ ಖಾಲಿ ಇರಬೇಕು.

ಎರಡನೆಯದು ಫೋನ್‌ನ ರ್‍ಯಾಮ್. 12 ಮೆಗಾಪಿಕ್ಸೆಲ್ ಫೋಟೋ ಜೆಪೆಗ್ ಆಗಿ ಮೂರ್ನಾಲ್ಕು ಎಂಬಿ ಇರಬಹುದು. ಎಡಿಟ್ ಮಾಡಲು ತೆರೆದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಒಂದು ಪದರಕ್ಕೇ 48 ಎಂಬಿ ಬೇಕು. 50 ಮೆಗಾಪಿಕ್ಸೆಲ್ ಆದರೆ 200 ಎಂಬಿ. ಅಂಥ ಐದು ಪದರ ಸೇರಿದರೆ ಒಂದು ಜಿಬಿ. ಆಂಡ್ರಾಯ್ಡ್ ಫೋಟೋಶಾಪ್ ಬೀಟಾ ಬಂದಾಗ ಕನಿಷ್ಠ 6 ಜಿಬಿ ರ್‍ಯಾಮ್ ಬೇಕೆಂದು ಹೇಳಿದ್ದು ಇದಕ್ಕೇ. ಬೇರೆ ಆ್ಯಪ್‌ಗಳನ್ನು ಮುಚ್ಚಿ, ಬೇಡದ ಪದರ ತೆಗೆಯಿರಿ ಅಥವಾ ಒಂದಾಗಿಸಿ, ಬೇರೆ ಹೆಸರಿನಲ್ಲಿ ಉಳಿಸಿ ನೋಡಿ. ಏನೂ ಆಗದಿದ್ದರೆ ಆ್ಯಪ್ ಮುಚ್ಚುವ ಮುನ್ನ ಪರದೆಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಗುಣಮಟ್ಟ ಕಡಿಮೆ, ಆದರೆ ಏನೂ ಇಲ್ಲದಿರುವುದಕ್ಕಿಂತ ಮೇಲು.

ಮೂರನೆಯದು ಅನುಮತಿ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಫೋಟೋಗಳ ಅನುಮತಿ ಇದೆಯೇ ನೋಡಿ. ‘ಆಯ್ದ ಫೋಟೋಗಳು ಮಾತ್ರ’ ಎಂದು ಹಿಂದೆ ಕೊಟ್ಟಿದ್ದರೆ ಕೆಲವು ಆ್ಯಪ್‌ಗಳು ತಡವರಿಸುತ್ತವೆ.

2. ಸೇವ್ ಆಯಿತು ಎನ್ನುತ್ತದೆ, ಗ್ಯಾಲರಿಯಲ್ಲಿ ಕಾಣುವುದಿಲ್ಲ

ಹಲವು ಗ್ಯಾಲರಿ ಆ್ಯಪ್‌ಗಳು ಫೋಟೋಗಳನ್ನು ಜೋಡಿಸುವುದು ತೆಗೆದ ದಿನಾಂಕದ ಪ್ರಕಾರ. ಎರಡು ವರ್ಷದ ಹಿಂದಿನ ಮದುವೆ ಫೋಟೋವನ್ನು ಇಂದು ಎಡಿಟ್ ಮಾಡಿದರೆ ಅದು ಇಂದಿನ ಸಾಲಿನಲ್ಲಿ ಅಲ್ಲ, ಆ ಮದುವೆಯ ದಿನದಲ್ಲೇ ಕೂತಿರಬಹುದು. ಮೊದಲು ಅಲ್ಲಿ ಹುಡುಕಿ. ಇಲ್ಲದಿದ್ದರೆ ಗ್ಯಾಲರಿಯ ಆಲ್ಬಂ ಪಟ್ಟಿಯಲ್ಲಿ ಆ್ಯಪ್‌ನ ಹೆಸರಿನ ಫೋಲ್ಡರ್ ಇದೆಯೇ ನೋಡಿ. ನಂತರ ‘ಫೈಲ್ಸ್’ ಆ್ಯಪ್ ತೆರೆದು ಇತ್ತೀಚಿನ ಫೈಲ್‌ಗಳನ್ನು ನೋಡಿ. ಅಲ್ಲಿ ಪಿಎಸ್‌ಡಿಯಂಥ ಫೈಲ್ ಸಿಕ್ಕರೆ ನೀವು ಉಳಿಸಿದ್ದು ಹಿಟ್ಟು, ಗ್ಯಾಲರಿ ಅದನ್ನು ತೋರಿಸದಿರಬಹುದು.

3. ಅರ್ಧ ಚಿತ್ರ, ಕೆಳಗೆ ಬೂದು ಬಣ್ಣ. ಇಲ್ಲವೇ 0 ಕೆಬಿ

ಬರೆಯುವ ಕೆಲಸ ನಡುವೆಯೇ ನಿಂತಿದೆ. ಜೆಪೆಗ್ ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ಬರೆಯಲಾಗುವುದರಿಂದ ಬರೆದಷ್ಟು ಕಾಣುತ್ತದೆ, ಉಳಿದದ್ದು ಬೂದು. ಯಾವ ರಿಪೇರಿ ಆ್ಯಪ್ ಕೂಡ ಬರೆಯದೇ ಇದ್ದ ಭಾಗವನ್ನು ತರಲಾರದು. 0 ಕೆಬಿ ಫೈಲ್‌ನ ಒಳಗೆ ಏನೂ ಇಲ್ಲ, ಅದಕ್ಕೆ ಹಣ ಕೇಳುವ ರಿಪೇರಿ ಆ್ಯಪ್‌ಗಳನ್ನು ನಂಬಬೇಡಿ. ಮೂಲ ಫೋಟೋಗೆ ಮರಳಿ. ಅದು ಅಳಿಸಿಹೋಗಿದ್ದರೆ ಗೂಗಲ್ ಫೋಟೋಸ್‌ನ ‘ಟ್ರ್ಯಾಶ್’ ನೋಡಿ. ಬ್ಯಾಕಪ್ ಆದವು ಅಲ್ಲಿ 60 ದಿನ ಇರುತ್ತವೆ. ಐಫೋನ್‌ನಲ್ಲಿ ‘ರೀಸೆಂಟ್ಲಿ ಡಿಲೀಟೆಡ್’ ಆಲ್ಬಂನಲ್ಲಿ ಸುಮಾರು 30 ದಿನ ಉಳಿಯುತ್ತವೆ.

4. ಬಣ್ಣ ಬದಲಾಗಿದೆ, ಮಂಕಾಗಿದೆ

ಎಕ್ಸ್‌ಪೋರ್ಟ್ ಮಾಡುವಾಗ ಬಣ್ಣದ ವ್ಯಾಪ್ತಿಯನ್ನು, ಅಂದರೆ ‘ಕಲರ್ ಸ್ಪೇಸ್’ ಅನ್ನು ‘ಎಸ್‌ಆರ್‌ಜಿಬಿ’ ಎಂದು ಇಡಿ. ಹೆಚ್ಚುಕಡಿಮೆ ಎಲ್ಲ ಫೋನ್, ವೆಬ್‌ಸೈಟ್‌ಗಳೂ ಇದನ್ನು ಸರಿಯಾಗಿ ತೋರಿಸುತ್ತವೆ. ‘ಸಿಎಂವೈಕೆ’ ಮುದ್ರಣಕ್ಕೆ ಮಾತ್ರ.

ಇಲ್ಲಿ ಒಂದು ನಿಜವಾಗಿದ್ದ ‘ಎಚ್ಚರಿಕೆ ಸಂದೇಶ’ದ ಕಥೆಯೂ ಇದೆ. 2020ರ ಮೇ ಕೊನೆಯಲ್ಲಿ, ಒಂದು ಸುಂದರ ಸರೋವರದ ಚಿತ್ರವನ್ನು ವಾಲ್‌ಪೇಪರ್ ಮಾಡಿದರೆ ಫೋನ್ ಹಾಳಾಗುತ್ತದೆ ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಇದು ಸುಳ್ಳಾಗಿರಲಿಲ್ಲ. ಆಂಡ್ರಾಯ್ಡ್ 10ರ ಹಲವು ಫೋನ್‌ಗಳು ಆ ಚಿತ್ರ ಹಾಕಿದ ಕೂಡಲೇ ಮತ್ತೆ ಮತ್ತೆ ಸ್ಥಗಿತಗೊಳ್ಳುತ್ತಿದ್ದವು. ಆದರೆ ಚಿತ್ರದಲ್ಲಿ ವೈರಸ್ ಇರಲಿಲ್ಲ. ಲೈಟ್‌ರೂಮ್‌ನಲ್ಲಿ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ ಬದಲು ಬೇರೊಂದು ವಿಶಾಲ ಬಣ್ಣದ ವ್ಯಾಪ್ತಿ ಅದರಲ್ಲಿ ಉಳಿದಿತ್ತು. ಅದನ್ನು ಲೆಕ್ಕ ಹಾಕುವಾಗ ಆಂಡ್ರಾಯ್ಡ್ 10 ಎಡವುತ್ತಿತ್ತು. ಆಂಡ್ರಾಯ್ಡ್ 11ರಲ್ಲಿ ಇದನ್ನು ಸರಿಪಡಿಸಲಾಯಿತು. ಎಕ್ಸ್‌ಪೋರ್ಟ್ ಪರದೆಯ ಒಂದು ಆಯ್ಕೆ ಎಷ್ಟು ದೂರ ಹೋಗಬಲ್ಲದು ನೋಡಿ.

5. ಫೈಲ್ ದೊಡ್ಡದಾಗಿದೆ, ವೆಬ್‌ಸೈಟ್ ಒಪ್ಪುತ್ತಿಲ್ಲ

ಮೊದಲು ಚಿತ್ರದ ಉದ್ದಗಲ (ಪಿಕ್ಸೆಲ್) ಇಳಿಸಿ, ಆಮೇಲೆ ಜೆಪೆಗ್ ಗುಣಮಟ್ಟ ಇಳಿಸಿ. ಉದ್ದಗಲ ಹಾಗೇ ಇಟ್ಟು ಗುಣಮಟ್ಟವನ್ನೇ ತಳಕ್ಕೆ ಇಳಿಸಿದರೆ ಮುಖ ಚೌಕ ಚೌಕವಾಗುತ್ತದೆ.

6. ಕಂಪ್ಯೂಟರ್‌ಗೆ ಹಾಕಿದಾಗ ‘.ಎಎಇ’ ಎಂಬ ಫೈಲ್‌ಗಳು ಕಾಣುತ್ತವೆ

ಅದು ವೈರಸ್ ಅಲ್ಲ. ಐಫೋನ್‌ನ ಫೋಟೋಸ್ ಆ್ಯಪ್ ಎಡಿಟ್ ಮಾಡುವಾಗ ಮೂಲ ಫೋಟೋವನ್ನು ಮುಟ್ಟದೆ ಏನೇನು ಬದಲಿಸಲಾಗಿದೆ ಎಂದು ಬರೆದಿಟ್ಟ ಪುಟ್ಟ ಚೀಟಿ ಅದು. ಎಡಿಟ್ ಆದ ಚಿತ್ರವೇ ಬೇಕಾದರೆ ಫೋನ್‌ನಿಂದಲೇ ಜೆಪೆಗ್ ಆಗಿ ಹಂಚಿಕೊಳ್ಳಿ.

ಕತ್ತರಿಸಿದ ಭಾಗ ನಿಜವಾಗಿಯೂ ಹೋಗಿದೆಯೇ?

ಆಧಾರ್ ಸಂಖ್ಯೆಯನ್ನೋ ಬ್ಯಾಂಕ್ ವಿವರವನ್ನೋ ಕತ್ತರಿಸಿ ಫೋಟೋ ಕಳುಹಿಸುವವರು ಇದನ್ನು ಓದಲೇಬೇಕು. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನ್‌ಗಳ ‘ಮಾರ್ಕಪ್’ ಎಂಬ ಸ್ಕ್ರೀನ್‌ಶಾಟ್ ಎಡಿಟರ್‌ನಲ್ಲಿ ಸೇವ್ ಮಾಡುವ ಒಂದು ದೋಷ ಬೆಳಕಿಗೆ ಬಂತು. ಕತ್ತರಿಸಿದ ಚಿಕ್ಕ ಚಿತ್ರವನ್ನು ಹಳೆಯ ದೊಡ್ಡ ಫೈಲ್‌ನ ಮೇಲೆಯೇ ಬರೆಯಲಾಗುತ್ತಿತ್ತು, ಆದರೆ ಹಳೆಯದರ ಬಾಲ ಕತ್ತರಿಸುತ್ತಿರಲಿಲ್ಲ. ಉದ್ದನೆಯ ಸಾಲಿನ ಮೇಲೆ ಚಿಕ್ಕ ಸಾಲು ಬರೆದು ಉಳಿದದ್ದನ್ನು ಅಳಿಸದೆ ಬಿಟ್ಟ ಹಾಗೆ. ಆ ಬಾಲದಿಂದ ಕತ್ತರಿಸಿದ ಭಾಗದ ಬಹುಪಾಲನ್ನು ಮರಳಿ ಕಟ್ಟಬಹುದಿತ್ತು. ಇದಕ್ಕೆ ‘ಆಕ್ರೊಪಲಿಪ್ಸ್’ ಎಂದು ಹೆಸರಾಯಿತು. ವಿಂಡೋಸ್‌ನ ಸ್ಕ್ರೀನ್‌ಶಾಟ್ ಸಾಧನದಲ್ಲೂ ಇಂಥದೇ ದೋಷ ಕಂಡಿತು. ಎರಡನ್ನೂ 2023ರ ಮಾರ್ಚ್‌ನಲ್ಲಿ ಸರಿಪಡಿಸಲಾಯಿತು. ಅದಕ್ಕೆ ಮುಂಚೆ ಕಳುಹಿಸಿದ ಚಿತ್ರಗಳನ್ನು ಮಾತ್ರ ಯಾವ ಅಪ್‌ಡೇಟ್ ಕೂಡ ಸರಿಪಡಿಸಲಾರದು.

ಇವು ಕೂಡ ಬೀಟಾ ಆಗಿರಲಿಲ್ಲ. ಆದ್ದರಿಂದ ಗುಟ್ಟಾಗಿರಬೇಕಾದ ದಾಖಲೆಗಳ ಮೇಲೆ ಬೀಟಾ ಎಡಿಟರ್ ಪ್ರಯೋಗ ಬೇಡ. ಕತ್ತರಿಸಿದ ಮೇಲೆ ಅದೇ ಹೆಸರಿಗೆ ಉಳಿಸದೆ ಹೊಸ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಮುಚ್ಚಬೇಕಾದ ಅಂಕಿಗಳ ಮೇಲೆ ಪೂರ್ತಿ ಕಪ್ಪು ಪಟ್ಟಿ ಹಾಕಿ, ತೆಳು ಬಣ್ಣದ ಗೀಚು ಸಾಲದು. ಪಿಎಸ್‌ಡಿಯನ್ನಂತೂ ಕಳುಹಿಸಲೇಬೇಡಿ, ಪಟ್ಟಿ ಬೇರೆ ಪದರದಲ್ಲಿದ್ದರೆ ಯಾರು ಬೇಕಾದರೂ ಅದನ್ನು ಎತ್ತಿ ಕೆಳಗಿರುವುದನ್ನು ಓದಬಹುದು.

ಇನ್ನೆರಡು ನಂಬಿಕೆಗಳು

‘ಪಿಎನ್‌ಜಿ ಮಾಡಿದರೆ ಗುಣಮಟ್ಟ ಹೆಚ್ಚುತ್ತದೆ.’ ತಪ್ಪು. ಜೆಪೆಗ್‌ನಲ್ಲಿ ಈಗಾಗಲೇ ಕಳೆದುಹೋದ ವಿವರ ಪಿಎನ್‌ಜಿ ಮಾಡಿದರೆ ಬರುವುದಿಲ್ಲ, ಫೈಲ್ ಮಾತ್ರ ಉಬ್ಬುತ್ತದೆ. ಹಾಗೆಯೇ ಜೆಪೆಗ್ ಅನ್ನು ತೆರೆದು ನೋಡಿದರೆ ಸವೆಯುವುದಿಲ್ಲ. ಎಡಿಟ್ ಮಾಡಿ ಮತ್ತೆ ಮತ್ತೆ ಜೆಪೆಗ್ ಆಗಿ ಉಳಿಸಿದರೆ ಸವೆಯುತ್ತದೆ.

‘ಬೀಟಾದ ಅನ್‌ಲಾಕ್ ಆದ ಎಪಿಕೆ ಹಾಕಿಕೊಂಡರೆ ಎಲ್ಲ ತೊಂದರೆ ಹೋಗುತ್ತದೆ.’ ಬೇಡವೇ ಬೇಡ. ಪ್ರತಿ ಆ್ಯಪ್‌ಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಯಾರೋ ತಿದ್ದಿದ ಎಪಿಕೆಯಲ್ಲಿ ಆ ಸಹಿ ಇರುವುದಿಲ್ಲ, ಹಾಗಾಗಿ ಅಸಲಿ ಆ್ಯಪ್ ತೆಗೆಯದೆ ಅದು ಕೂರುವುದಿಲ್ಲ. ತೆಗೆದರೆ ಮೇಲೆ ಹೇಳಿದ ಖಾಸಗಿ ಕೋಣೆ ಹೋಗುತ್ತದೆ. ಅದರ ಮೇಲೆ, ನಿಮ್ಮ ಎಲ್ಲ ಫೋಟೋಗಳ ಅನುಮತಿಯನ್ನು ಗುರುತು ಪರಿಚಯವಿಲ್ಲದವರಿಗೆ ಕೊಟ್ಟಂತಾಗುತ್ತದೆ.

ದೂರು ಕೊಡುವುದು ಹೇಗೆ?

ಬೀಟಾ ಇರುವುದೇ ದೂರು ಕೇಳಲು. ಆ್ಯಪ್‌ನ ಒಳಗಿನ ‘ಫೀಡ್‌ಬ್ಯಾಕ್’ ಮೂಲಕ ಅಥವಾ ಪ್ಲೇ ಸ್ಟೋರ್‌ನಲ್ಲಿ ಬೀಟಾ ಬಳಕೆದಾರರಿಗೆ ಇರುವ ಜಾಗದಲ್ಲಿ ಬರೆಯಿರಿ. ‘ಸೇವ್ ಆಗ್ತಿಲ್ಲ’ ಎಂದಷ್ಟೇ ಬರೆದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಆ್ಯಪ್ ಆವೃತ್ತಿಯ ಸಂಖ್ಯೆ, ಫೋನ್ ಮಾದರಿ, ಆಂಡ್ರಾಯ್ಡ್ ಅಥವಾ ಐಒಎಸ್ ಆವೃತ್ತಿ, ಮೂಲ ಫೋಟೋ ಯಾವ ರೂಪದ್ದು ಮತ್ತು ಎಷ್ಟು ದೊಡ್ಡದು, ಏನೇನು ಒತ್ತಿದ ಮೇಲೆ ತೊಂದರೆ ಬಂತು, ಬೇರೆ ಫೋಟೋಗೂ ಹೀಗಾಗುತ್ತದೆಯೇ ಎಂದು ಬರೆಯಿರಿ. ಮಾದರಿ ಫೈಲ್ ಕೇಳಿದರೆ ಮನೆಯವರ ಫೋಟೋ, ಗುರುತಿನ ಚೀಟಿ ಕಳುಹಿಸಬೇಡಿ. ಗೋಡೆಯದೋ ಗಿಡದ್ದೋ ಫೋಟೋ ತೆಗೆದು ಅದರಲ್ಲೂ ದೋಷ ಬರುತ್ತದೆಯೇ ನೋಡಿ, ಅದನ್ನು ಕಳುಹಿಸಿ.

ಹಂಚಿಕೊಳ್ಳಬಹುದಾದಷ್ಟು ಚಿಕ್ಕದಾಗಿ

• ಎಡಿಟ್ ಮಾಡುವ ಮುನ್ನ ಮೂಲ ಫೋಟೋದ ನಕಲು ಮಾಡಿ, ಮೂಲವನ್ನು ಬೇರೆ ಕಡೆ ಇಡಿ.
• ಕೆಲಸ ಮುಗಿದ ಮೇಲೆ ಎರಡು ಪ್ರತಿ: ಮುಂದೆ ತಿದ್ದಲು ಪದರಗಳ ಫೈಲ್, ಕಳುಹಿಸಲು ಎಸ್‌ಆರ್‌ಜಿಬಿ ಜೆಪೆಗ್.
• ಜೆಪೆಗ್ ಅನ್ನು ಬೇರೆ ಆ್ಯಪ್‌ನಲ್ಲಿ ಒಮ್ಮೆ ತೆರೆದು ನೋಡಿದ ಮೇಲೆಯೇ ಬೀಟಾ ಆ್ಯಪ್ ಮುಚ್ಚಿ.
• ಅರ್ಜಿಯ ಫೋಟೋವನ್ನು ಕೊನೆಯ ದಿನಕ್ಕೆ ಬಿಡಬೇಡಿ. ಹೆಸರು ಬದಲಿಸಬೇಡಿ, ರೂಪ ಬದಲಿಸಿ.
• ಅಪ್‌ಡೇಟ್ ಮಾಡುವ ಮುನ್ನ, ತೆಗೆದುಹಾಕುವ ಮುನ್ನ, ‘ಕ್ಲಿಯರ್ ಡೇಟಾ’ ಒತ್ತುವ ಮುನ್ನ ಒಳಗಿನ ಕೆಲಸ ಹೊರಗೆ ಬಂದಿದೆಯೇ ನೋಡಿ.

ಆ್ಯಪ್ ತೆಗೆದು ಮತ್ತೆ ಹಾಕಿ ಎಂಬ ಸಲಹೆ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಒಂದು ಸಾಲು ಸೇರಿಸಿ: ‘ಮೊದಲು ಒಳಗಿರುವ ಫೋಟೋಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.’ ಯಾರದೋ ಮನೆಯ ಒಂದೇ ಒಂದು ಹಳೆಯ ಫೋಟೋ ಆ ಸಾಲಿನಿಂದ ಉಳಿಯಬಹುದು.